ಬಾಗಿಲ ದಿಕ್ಕು ಆಮೇಲೆ, ಮೊದಲು ಗೋಡೆ ಮುಟ್ಟಿ ನೋಡಿ

ಬೆಂಗಳೂರಿನಲ್ಲಿ ಬಾಡಿಗೆ ಮನೆ ನೋಡಲು ಹೋದವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ: ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು, ಬಾಗಿಲು ಯಾವ ದಿಕ್ಕಿಗೆ, ನೀರು ಹೇಗೆ. ‘ನೀರಿಗೇನೂ ತೊಂದರೆ ಇಲ್ಲ’ ಅಂದರೆ ಅಲ್ಲಿಗೆ ಮುಗಿಯಿತು, ಟೋಕನ್ ಕೊಟ್ಟು ಬರುತ್ತಾರೆ. ಹೊಸದಾಗಿ ಬಣ್ಣ ಬಳಿದ ಖಾಲಿ ಮನೆ ಯಾವುದಾದರೂ ಚೆನ್ನಾಗಿಯೇ ಕಾಣುತ್ತದೆ. ಮಳೆಗಾಲ ಬಂದಮೇಲೆ ಮಂಚದ ಹಿಂದಿನ ಗೋಡೆ ಕಪ್ಪಾಗುವುದು, ಬೀರುವಿನ ಬಟ್ಟೆ ಮುಗ್ಗಲು ವಾಸನೆ ಹೊಡೆಯುವುದು, ಮಗುವಿನ ಕೆಮ್ಮು ವಾರಗಟ್ಟಲೆ ಬಿಡದಿರುವುದು ಶುರುವಾಗುತ್ತದೆ. ಅಷ್ಟರಲ್ಲಿ ಹನ್ನೊಂದು ತಿಂಗಳ ಅಗ್ರಿಮೆಂಟಿಗೆ ಸಹಿ ಬಿದ್ದಿರುತ್ತದೆ.

ಮನೆ ಆರೋಗ್ಯಕ್ಕೆ ಹೊಂದುತ್ತದೋ ಇಲ್ಲವೋ ಎಂಬುದರ ಮುಕ್ಕಾಲು ಪಾಲು ಎರಡು ವಿಷಯದಲ್ಲಿದೆ. ನೀರು ಎಲ್ಲಿಂದ ಒಳಗೆ ಬಂದು ಎಲ್ಲಿಂದ ಹೊರಗೆ ಹೋಗುತ್ತದೆ, ಗಾಳಿ ಎಲ್ಲಿಂದ ಬಂದು ಎಲ್ಲಿಂದ ಹೋಗುತ್ತದೆ. ಇವೆರಡನ್ನೂ ಅರ್ಧ ಗಂಟೆಯಲ್ಲಿ ನೋಡಿಬಿಡಬಹುದು. ಕೈಯಲ್ಲಿ ಮೊಬೈಲ್ ಟಾರ್ಚ್, ಅಳತೆ ಟೇಪು, ಒಂದು ಊದುಬತ್ತಿ, ಬೆಂಕಿಪೊಟ್ಟಣ, ನೀರಿನಲ್ಲಿ ಕರಗಿದ ಲವಣ ಎಷ್ಟಿದೆ ಎಂದು ತೋರಿಸುವ ಟಿಡಿಎಸ್ ಮೀಟರ್ ಮತ್ತು ಮೂರು ಪಿನ್ನಿನ ಸಾಕೆಟ್ ಟೆಸ್ಟರ್ ಇದ್ದರೆ ಸಾಕು. ಕೊನೆಯ ಎರಡೂ ಕೆಲವು ನೂರು ರೂಪಾಯಿಗೆ ಸಿಗುತ್ತವೆ. ಒಮ್ಮೆ ಕೊಂಡರೆ ನೆಂಟರಿಷ್ಟರೆಲ್ಲರ ಮನೆ ಹುಡುಕಾಟಕ್ಕೂ ಆಗುತ್ತದೆ.

ನೋಡಲು ಹೋಗುವ ಹೊತ್ತೂ ಮುಖ್ಯ. ಮಕ್ಕಳ ಶಾಲೆ ಶುರುವಾಗುವ ಮುಂಚೆ, ಏಪ್ರಿಲ್–ಮೇ ತಿಂಗಳಲ್ಲಿ ಹೆಚ್ಚಿನವರು ಮನೆ ಬದಲಿಸುತ್ತಾರೆ. ಗೋಡೆಗಳು ಚೆನ್ನಾಗಿ ಒಣಗಿರುವ ಕಾಲ ಅದೇ. ಬೆಂಗಳೂರಿಗೆ ಜೋರು ಮಳೆ ಬೀಳುವುದು ಆಗಸ್ಟಿನಿಂದ ಅಕ್ಟೋಬರ್‌ವರೆಗೆ. ಹಾಗಾಗಿ ಬೇಸಿಗೆಯಲ್ಲಿ ಮನೆ ನೋಡುವವರು ಹಸಿ ತೇವ ಹುಡುಕಿದರೆ ಸಿಗುವುದಿಲ್ಲ, ಹಳೆಯ ತೇವ ಬಿಟ್ಟುಹೋದ ಗುರುತು ಹುಡುಕಬೇಕು.

ಗೋಡೆ ಏನು ಹೇಳುತ್ತದೆ

ಹೊಸ ಬಣ್ಣದ ಕೆಳಗೆ ಪುಟ್ಟಿ ತುಂಬಿ ನಯ ಮಾಡಿರುತ್ತಾರೆ. ನೇರವಾಗಿ ನೋಡಿದರೆ ಏನೂ ಕಾಣುವುದಿಲ್ಲ. ಟಾರ್ಚನ್ನು ಗೋಡೆಗೆ ಒತ್ತಿ ಹಿಡಿದು ಬೆಳಕು ಗೋಡೆಯ ಮೇಲೇ ಹರಿಯುವ ಹಾಗೆ ಬಿಡಿ. ಉಬ್ಬಿದ ಕಡೆ, ಪುಟ್ಟಿ ತುಂಬಿದ ಕಡೆ ನೆರಳು ಬೀಳುತ್ತದೆ. ಅಲ್ಲಿ ಬೆರಳ ಗೆಣ್ಣಿನಿಂದ ತಟ್ಟಿ. ಗಟ್ಟಿ ಗಾರೆ ಗಟ್ಟಿ ಸದ್ದು ಕೊಡುತ್ತದೆ. ಒಳಗೆ ಬಿಟ್ಟುಕೊಂಡಿದ್ದರೆ ಪೊಳ್ಳು ಸದ್ದು. ಬಣ್ಣ ಬಳಿಯುವವರು ಮುಟ್ಟದ ಜಾಗಗಳು ಇನ್ನೂ ನಿಜ ಹೇಳುತ್ತವೆ: ಸ್ವಿಚ್ ಬೋರ್ಡಿನ ತುಕ್ಕು ಹಿಡಿದ ಸ್ಕ್ರೂ, ಗೋಡೆ ಕಪಾಟಿನ ಹಿಂಬದಿಯ ಪ್ಲೈವುಡ್, ಸಿಂಕಿನ ಕೆಳಗಿನ ಮೂಲೆ, ಅಟ್ಟದ ಒಳಮೂಲೆ, ಬಚ್ಚಲ ಬಾಗಿಲ ಚೌಕಟ್ಟಿನ ಬುಡ. ಚೌಕಟ್ಟಿನ ಬುಡ ಮೆತ್ತಗಾಗಿದ್ದರೆ ಅಥವಾ ಉಬ್ಬಿದ್ದರೆ ಅಲ್ಲಿ ವರ್ಷಗಟ್ಟಲೆ ನೀರು ನಿಂತಿದೆ ಎಂದೇ ಅರ್ಥ.

ತೇವ ಎಲ್ಲಿದೆ ಎನ್ನುವುದರಿಂದಲೇ ಅದು ಎಲ್ಲಿಂದ ಬಂತು ಎಂದು ಹೇಳಬಹುದು. ನೆಲಮಹಡಿಯ ಗೋಡೆಗಳಲ್ಲಿ ಸ್ಕರ್ಟಿಂಗಿನ (ಗೋಡೆ ಬುಡದ ಟೈಲ್ಸ್ ಪಟ್ಟಿಯ) ಮೇಲೆ ಎರಡು ಮೂರು ಅಡಿಯವರೆಗೆ ಅಡ್ಡಪಟ್ಟಿಯ ಹಾಗೆ ಬಣ್ಣ ಎದ್ದು, ಬೆರಳಿಗೆ ಬಿಳಿ ಉಪ್ಪಿನಂಥ ಪುಡಿ ಅಂಟಿದರೆ ಅದು ನೆಲದಿಂದ ಏರಿದ ನೀರು. ದೀಪದ ಬತ್ತಿ ಎಣ್ಣೆ ಹೀರಿದ ಹಾಗೆ ಇಟ್ಟಿಗೆ ಕೆಳಗಿನ ನೀರನ್ನು ಹೀರುತ್ತದೆ. ನೀರು ಆವಿಯಾಗಿ ಹೋದರೂ ಅದರಲ್ಲಿದ್ದ ಲವಣ ಗೋಡೆಯ ಮೇಲೆ ಉಳಿಯುತ್ತದೆ. ಇದನ್ನು ತಡೆಯುವುದು ಪಾಯದ ಮೇಲೆ ಹಾಕುವ ಡ್ಯಾಂಪ್ ಪ್ರೂಫ್ ಪದರ, ಅಂದರೆ ಡಿಪಿಸಿ. ಕಟ್ಟುವಾಗಲೇ ಅದು ತಪ್ಪಿಹೋಗಿದ್ದರೆ ಮೇಲಿಂದ ಎಷ್ಟು ‘ವಾಟರ್‌ಪ್ರೂಫ್’ ಬಣ್ಣ ಬಳಿದರೂ ಒಂದೆರಡು ಮಳೆಗಾಲದಲ್ಲಿ ಮತ್ತೆ ಏಳುತ್ತದೆ. ನೀರು ಗೋಡೆಯೊಳಗೇ ಇದೆ, ಬಣ್ಣ ಅದನ್ನು ಮುಚ್ಚಿದೆ ಅಷ್ಟೇ. ಆಸ್ತಮಾ ಇರುವವರು, ಎಳೆಯ ಮಕ್ಕಳು ಇರುವ ಸಂಸಾರಕ್ಕೆ ಇಂಥ ಮನೆ ಬೇಡವೇ ಬೇಡ. ಬಾಡಿಗೆ ಎಷ್ಟು ಕಡಿಮೆಯಿದ್ದರೂ ಬೇಡ.

ಬಚ್ಚಲಿಗೆ ಅಂಟಿದ ರೂಮಿನ ಗೋಡೆಯಲ್ಲಿ ತೇವ ಇದ್ದರೆ ಕಾರಣ ಟೈಲ್ಸ್ ಸಂದಿ ಅಥವಾ ಒಳಗಿನ ಪೈಪು. ನೆಲಕ್ಕೆ ಹತ್ತಿರವಿದ್ದರೆ ಟೈಲ್ಸ್ ಸಂದಿಯ ಗ್ರೌಟ್ ಹೋಗಿರಬಹುದು, ಇದು ಸುಲಭದ ರಿಪೇರಿ. ಷವರ್ ಅಥವಾ ನಲ್ಲಿಯ ಮಟ್ಟದಲ್ಲಿದ್ದು ಬಚ್ಚಲು ಬಳಸದ ದಿನವೂ ಹಸಿಯಾಗಿದ್ದರೆ ಪೈಪೇ ಸೋರುತ್ತಿದೆ, ಗೋಡೆ ಒಡೆಸಬೇಕು. ಸೀಲಿಂಗಿನಲ್ಲಿ ಕಂದು ಉಂಗುರದ ಕಲೆ ಇದ್ದರೆ ಮೇಲೇನಿದೆ ಎಂದು ಕೇಳಿ. ಮೇಲೆ ತಾರಸಿ ಇದ್ದರೆ ಹತ್ತಿ ನೋಡಿ: ನೀರು ಹೋಗುವ ಪೈಪಿನ ಬಾಯಿ ಎಲೆ ಕಟ್ಟಿಕೊಂಡಿದೆಯೇ, ತಗ್ಗಿನಲ್ಲಿ ಕೆಸರು ಒಣಗಿದ ವೃತ್ತಗಳಿವೆಯೇ. ಮೇಲೆ ಇನ್ನೊಬ್ಬರ ಬಚ್ಚಲಿದ್ದರೆ ಆ ಕಲೆ ನೀರಿನದ್ದಷ್ಟೇ ಅಲ್ಲ, ಕೊಳಕು ನೀರಿನದೂ ಇರಬಹುದು.

ನೈರುತ್ಯ ಮಾರುತದ ಮಳೆ ಪಡುವಣದಿಂದ ಹೊಡೆಯುತ್ತದೆ. ಆದ್ದರಿಂದ ಪಶ್ಚಿಮ ಮತ್ತು ನೈರುತ್ಯದ ಗೋಡೆಗಳನ್ನು ಹೊರಗಿನಿಂದಲೂ ನೋಡಿ. ಕಿಟಕಿಯ ಮೇಲೆ ಸಜ್ಜೆ ಇದೆಯೇ, ಸಜ್ಜೆಯ ಅಡಿಭಾಗದ ಅಂಚಿನಲ್ಲಿ ಉದ್ದಕ್ಕೂ ಒಂದು ಕೊರೆದ ಗೆರೆ ಇದೆಯೇ ನೋಡಿ. ಆ ಅರ್ಧ ಇಂಚಿನ ಗೆರೆ ಇಲ್ಲದಿದ್ದರೆ ನೀರು ಅಂಚಿನಲ್ಲೇ ತೊಟ್ಟಿಕ್ಕದೆ, ಸಜ್ಜೆಯ ಅಡಿಯಲ್ಲಿ ಹರಿದು ಗೋಡೆಗೆ ಬರುತ್ತದೆ. ಹೊರಗೋಡೆಯ ಹಸಿರು ಪಾಚಿ, ಕೂದಲೆಳೆಗಿಂತ ದಪ್ಪದ ಬಿರುಕು, ಬಿರುಕಿನಿಂದ ಇಣುಕಿದ ಅರಳಿ ಸಸಿ ಕಂಡರೆ ಅಲ್ಲಿಂದ ನೀರು ಒಳಗೆ ಹೋಗುತ್ತಿದೆ.

ಇನ್ನೊಂದು ಬಗೆ ಮೂಲೆಗಳಲ್ಲಿ, ಬೀರುವಿನ ಹಿಂದೆ, ಬಚ್ಚಲ ಸೀಲಿಂಗಿನಲ್ಲಿ ಕಾಣುವ ಕಪ್ಪು ಚುಕ್ಕೆಗಳು. ಇದಕ್ಕೆ ನೀರು ಸೋರಬೇಕಾಗಿಲ್ಲ. ಅಡುಗೆ, ಸ್ನಾನ, ಒಳಗೆ ಒಣಹಾಕಿದ ಬಟ್ಟೆಗಳ ಆವಿಗೆ ಹೊರಹೋಗಲು ದಾರಿ ಇಲ್ಲದೆ ತಣ್ಣನೆಯ ಗೋಡೆಯ ಮೇಲೆ ಕೂತರೆ ಬೂಷ್ಟು ಬರುತ್ತದೆ. ಸೋರಿಕೆಗೆ ಮೇಸ್ತ್ರಿ ಬೇಕು, ಇದಕ್ಕೆ ಗಾಳಿ ಬೇಕು. ಇವೆರಡನ್ನು ಬೇರೆ ಮಾಡಲು ಒಂದು ಪರೀಕ್ಷೆ ಇದೆ. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಅನುಮಾನ ಬಂದ ಜಾಗದಲ್ಲಿ ನಾಲ್ಕೂ ಅಂಚಿಗೆ ಟೇಪ್ ಹಾಕಿ ಗಾಳಿಯಾಡದಂತೆ ಅಂಟಿಸಿ, ಎರಡು ದಿನ ಬಿಡಿ. ಹನಿ ಹಾಳೆಯ ಗೋಡೆ ಕಡೆಯ ಮೈಮೇಲೆ ಕೂತಿದ್ದರೆ ನೀರು ಗೋಡೆಯಿಂದ ಬರುತ್ತಿದೆ. ರೂಮಿನ ಕಡೆಯ ಮೈ ಒದ್ದೆಯಾಗಿದ್ದರೆ ತೇವ ರೂಮಿನ ಗಾಳಿಯಲ್ಲೇ ಇದೆ. ಕೀಲಿ ಕೊಡುವ ಮುಂಚೆ ಇದಕ್ಕೆ ಒಪ್ಪುವ ಓನರ್ ಅಪರೂಪ. ಒಪ್ಪಿದರೆ ಮಾಡಿ, ಇಲ್ಲದಿದ್ದರೆ ಮನೆಗೆ ಬಂದ ಮೊದಲ ವಾರವೇ ಮಾಡಿ.

ಇಷ್ಟು ತಲೆಕೆಡಿಸಿಕೊಳ್ಳಬೇಕೇ ಅಂದರೆ, ಬೇಕು. ತೇವ ಮತ್ತು ಬೂಷ್ಟಿನ ಮನೆಗಳಲ್ಲಿ ಉಸಿರಾಟದ ತೊಂದರೆ, ಅಲರ್ಜಿ, ಆಸ್ತಮಾ ಹೆಚ್ಚು ಎಂಬುದನ್ನು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಇದಕ್ಕೆಂದೇ ಹೊರಡಿಸಿದ ಮಾರ್ಗಸೂಚಿಯಲ್ಲಿ ಹೇಳಿದೆ. ಮಂಗಳೂರು, ಉಡುಪಿ, ಮಲೆನಾಡಿನವರಿಗೆ ಇದು ಹೇಳಿಕೊಡಬೇಕಾದ ವಿಷಯವಲ್ಲ. ಅಲ್ಲಿ ಹೊರಗಿನ ಗಾಳಿಯೇ ತಿಂಗಳುಗಟ್ಟಲೆ ಒದ್ದೆ, ಹೆಂಚಿನ ಮನೆಗೆ ಇಳಿಜಾರು ಸೂರು, ಉದ್ದನೆಯ ಜಗಲಿ ಬಂದದ್ದೇ ಗೋಡೆಗೆ ಮಳೆ ತಾಗದಿರಲಿ ಅಂತ. ಹಾಗೆ ಕಾಯುವ ಸೂರಿಲ್ಲದ ಬಾಕ್ಸಿನಂಥ ಕಾಂಕ್ರೀಟ್ ಮನೆಗಳಲ್ಲಿ ಗೋಡೆಯನ್ನು ನಾವೇ ಕೇಳಬೇಕು.

ಕೆಳಗಿನ ಮನೆಯ ಬಾಡಿಗೆಯವರನ್ನೂ ಕೇಳಿ. ‘ಅಕ್ಕಾ, ಮನೆಯಲ್ಲಿ ತೇವ ಇದೆಯಾ?’ ಎಂದು ಕೇಳಿದರೆ ಓನರ್ ಮುಂದೆ ಯಾರೂ ಹೇಳುವುದಿಲ್ಲ. ‘ಮಳೆಗಾಲದಲ್ಲಿ ಬಟ್ಟೆ ಒಣಗೋಕೆ ಎಷ್ಟು ದಿನ ಬೇಕು ಅಕ್ಕಾ?’ ಎಂದು ಕೇಳಿ. ಅದಕ್ಕೆ ಎಲ್ಲರೂ ಮನಸ್ಸು ಬಿಚ್ಚಿ ಉತ್ತರ ಕೊಡುತ್ತಾರೆ.

ಗಾಳಿ, ಬಿಸಿಲು

ಕಿಟಕಿ ಎಷ್ಟಿರಬೇಕು? ರಾಷ್ಟ್ರೀಯ ಕಟ್ಟಡ ಸಂಹಿತೆ ಹವಾಮಾನಕ್ಕೆ ತಕ್ಕಂತೆ ಲೆಕ್ಕ ಕೊಡುತ್ತದೆ. ಒಣ ಸೆಕೆಯ ಊರಿಗೆ ರೂಮಿನ ನೆಲದ ಹತ್ತನೇ ಒಂದು ಭಾಗ, ತೇವದ ಸೆಕೆಯ ಊರಿಗೆ ಆರನೇ ಒಂದು ಭಾಗ. ಬಾಗಿಲು ಈ ಲೆಕ್ಕಕ್ಕೆ ಸೇರುವುದಿಲ್ಲ. 10 ಅಡಿಗೆ 12 ಅಡಿ ರೂಮು ಅಂದರೆ 120 ಚದರಡಿ, ಅದಕ್ಕೆ 12ರಿಂದ 20 ಚದರಡಿ ಕಿಟಕಿ ಬೇಕು. 4 ಅಡಿ ಚೌಕದ ಕಿಟಕಿ ಕಾಗದದ ಮೇಲೆ 16 ಚದರಡಿ. ಆದರೆ ಸ್ಲೈಡಿಂಗ್ ಕಿಟಕಿ ಅರ್ಧ ಮಾತ್ರ ತೆರೆಯುತ್ತದೆ, ಉಳಿಯುವುದು 8. ಸೊಳ್ಳೆ ಮೆಶ್ ಹಾಕಿದರೆ ಬರುವ ಗಾಳಿ ಇನ್ನೂ ತಗ್ಗುತ್ತದೆ. ಹೊರಕ್ಕೆ ಪೂರ್ತಿ ತೆರೆಯುವ ಹಳೆಯ ಮಾದರಿಯ ಎರಡು ಬಾಗಿಲಿನ ಕಿಟಕಿ ಈ ವಿಷಯದಲ್ಲಿ ಎಷ್ಟೋ ಮೇಲು.

ಅಳತೆಗಿಂತ ಮುಖ್ಯವಾದದ್ದು ಆ ಕಿಟಕಿಯ ಮುಂದೇನಿದೆ ಎಂಬುದು. 30–40ರ ಸೈಟುಗಳಲ್ಲಿ ಎಷ್ಟೋ ಬೆಡ್‌ರೂಮಿನ ಕಿಟಕಿ ತೆರೆದರೆ ಎರಡಡಿ ದೂರದಲ್ಲಿ ಪಕ್ಕದ ಮನೆಯ ಗೋಡೆ. ಅಂಥ ಕಿಟಕಿ ಲೆಕ್ಕಕ್ಕುಂಟು, ಗಾಳಿಗಿಲ್ಲ. ಊದುಬತ್ತಿ ಹಚ್ಚುವುದು ಇಲ್ಲೇ. ಫ್ಯಾನ್ ಆರಿಸಿ, ಎಲ್ಲ ಕಿಟಕಿ, ರೂಮಿನ ಬಾಗಿಲು ತೆರೆದು ರೂಮಿನ ನಡುವೆ ಊದುಬತ್ತಿ ಹಿಡಿದು ಎರಡು ನಿಮಿಷ ನಿಲ್ಲಿ. ಹೊಗೆ ಒಂದು ಕಡೆಗೆ ವಾಲಿ ಹೊರಟರೆ ಗಾಳಿಗೆ ಬರುವ ದಾರಿಯೂ ಇದೆ, ಹೋಗುವ ದಾರಿಯೂ ಇದೆ. ನೆಟ್ಟಗೆ ಮೇಲೆದ್ದು ಸೀಲಿಂಗಿನಡಿ ಮೋಡ ಕಟ್ಟಿಕೊಂಡು ನಿಂತರೆ ರಾತ್ರಿ ಮಲಗಿದವರ ಉಸಿರೂ ಹಾಗೇ ನಿಲ್ಲುತ್ತದೆ. ಒಂದೇ ಗೋಡೆಯಲ್ಲಿ ಎರಡು ಕಿಟಕಿ ಇರುವುದಕ್ಕಿಂತ ಎರಡು ಬೇರೆ ಗೋಡೆಗಳಲ್ಲಿ ಒಂದೊಂದು ಸಣ್ಣ ಕಿಟಕಿ ಇರುವುದು ಒಳ್ಳೆಯದು. ಅದೇ ಊದುಬತ್ತಿಯನ್ನು ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಹಾಕಿ ಅದರ ಹತ್ತಿರ ಹಿಡಿಯಿರಿ. ಆಮೇಲೆ ಬಾಗಿಲು ಕಿಟಕಿ ಮುಚ್ಚಿ ಮತ್ತೆ ಹಿಡಿಯಿರಿ. ಎರಡನೇ ಸಲ ಹೊಗೆ ಎಳೆಯದಿದ್ದರೆ ಫ್ಯಾನಿನ ತಪ್ಪಲ್ಲ. ಒಳಗೆ ಗಾಳಿ ಬರದೆ ಹೊರಗೆ ಹೋಗುವುದಿಲ್ಲ, ಒಗ್ಗರಣೆ ಹಾಕುವಾಗ ಎದುರು ಕಿಟಕಿ ಒಂದು ಗೇಣು ತೆರೆದಿರಬೇಕು.

ಅಪಾರ್ಟ್‌ಮೆಂಟುಗಳಲ್ಲಿ ಅಡುಗೆಮನೆ, ಬಚ್ಚಲುಗಳೆಲ್ಲ ಒಂದೇ ಶಾಫ್ಟಿಗೆ, ಅಂದರೆ ಕೆಳಗಿನಿಂದ ಮೇಲಿನವರೆಗೆ ಬಿಟ್ಟ ಕಿರಿದಾದ ಖಾಲಿ ಜಾಗಕ್ಕೆ ತೆರೆದಿರುತ್ತವೆ. ಕೆಳಗಿನ ಮನೆಯ ಮೆಣಸಿನಕಾಯಿ ಘಾಟು ನಿಮ್ಮ ಬಚ್ಚಲ ಕಿಟಕಿಯಿಂದ ಬರುವುದು ಹಾಗೆ. ಶಾಫ್ಟಿನಲ್ಲಿ ಪಾರಿವಾಳ ಗೂಡು ಕಟ್ಟಿವೆಯೇ ಎಂದು ಟಾರ್ಚ್ ಬಿಟ್ಟು ನೋಡಿ. ಒಣಗಿದ ಹಿಕ್ಕೆಯ ಪುಡಿಯನ್ನು ದಿನಾ ಉಸಿರಾಡಿದರೆ ಕೆಲವರ ಶ್ವಾಸಕೋಶದಲ್ಲಿ ಅಲರ್ಜಿಯ ಉರಿಯೂತವೇ ಶುರುವಾಗುತ್ತದೆ, ಅದು ಮೊಂಡು ಕಾಯಿಲೆ.

ಬಿಸಿಲಿನ ಲೆಕ್ಕ ಬಾಗಿಲಿನಿಂದ ಸಿಗುವುದಿಲ್ಲ, ಮಲಗುವ ಕೋಣೆಯ ಕಿಟಕಿಯಿಂದ ಸಿಗುತ್ತದೆ. ಪೂರ್ವದ ಬಾಗಿಲಿನ ಮನೆಯಲ್ಲೂ ಬೆಡ್‌ರೂಮು ಪಶ್ಚಿಮಕ್ಕಿರಬಹುದು. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ಹೊತ್ತಿಗೆ ನಡುಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ, ತಾರಸಿ ಕಾಯುತ್ತದೆ. ಡಿಸೆಂಬರಿನಲ್ಲಿ ದಕ್ಷಿಣಕ್ಕೆ ವಾಲಿರುತ್ತಾನೆ, ಆಗ ದಕ್ಷಿಣದ ಕಿಟಕಿಯಿಂದ ಹಿತವಾದ ಬಿಸಿಲು ಒಳಗೆ ಬರುತ್ತದೆ. ವರ್ಷವಿಡೀ ಕಾಡುವುದು ಪಶ್ಚಿಮ ಗೋಡೆ. ಇಳಿಬಿಸಿಲು ಓರೆಯಾಗಿ ಬೀಳುವುದರಿಂದ ಸಜ್ಜೆಯೂ ಅದನ್ನು ತಡೆಯಲಾರದು. ತಾರಸಿಯ ಕೆಳಗಿನ ಮನೆಯಾದರೆ ಸಂಜೆ ಏಳು ಗಂಟೆಗೆ ಹೋಗಿ ಪಶ್ಚಿಮ ಗೋಡೆಗೆ, ಕೈ ಎಟುಕಿದರೆ ಸೀಲಿಂಗಿಗೂ ಅಂಗೈ ಇಟ್ಟು ನೋಡಿ. ಆ ಹೊತ್ತಿಗೆ ಬಿಸಿ ತಟ್ಟಿದರೆ ಏಪ್ರಿಲಿನಲ್ಲಿ ನಡುರಾತ್ರಿಯವರೆಗೂ ನಿದ್ದೆ ಕಷ್ಟ. ತಾರಸಿಗೆ ಬಿಳಿ ಕೂಲ್‌ರೂಫ್ ಬಣ್ಣ ಹೊಡೆಸಿಕೊಡಲು ಓನರ್ ಒಪ್ಪಿದರೆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಕಲಬುರಗಿ, ರಾಯಚೂರಿನ ಕಡೆ ಮೇಲ್ಮಹಡಿಯ ಮನೆ ತೆಗೆದುಕೊಳ್ಳುವವರು ಇದನ್ನೇ ಮೊದಲ ಷರತ್ತು ಮಾಡಬೇಕು.

ಬಚ್ಚಲು: ಈ ಎರಡನ್ನು ಬಿಡಬೇಡಿ

ಮೊದಲನೆಯದು ಗ್ಯಾಸ್ ಗೀಸರ್. ಬಚ್ಚಲೊಳಗೆ ಗ್ಯಾಸ್ ಗೀಸರ್ ಇದ್ದರೆ ಆ ಮನೆಯ ಮಾತು ಅಲ್ಲಿಗೆ ನಿಲ್ಲಿಸಿ, ಅದನ್ನು ಹೊರಗೆ ಹಾಕಿಸಿಕೊಡುತ್ತಾರೋ ಕೇಳಿ. ನಾಲ್ಕಡಿಗೆ ಆರಡಿಯ ಬಚ್ಚಲಲ್ಲಿ ಬಾಗಿಲು, ಕಿಟಕಿ ಮುಚ್ಚಿ ಗ್ಯಾಸ್ ಉರಿಸಿದರೆ ಆಮ್ಲಜನಕ ಕಡಿಮೆಯಾಗುತ್ತಾ ಹೋಗಿ, ಉರಿ ಅರೆಬರೆಯಾಗಿ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತಲೆಸುತ್ತು, ವಾಕರಿಕೆ ಬರುವಷ್ಟರಲ್ಲಿ ಚಿಲಕ ತೆಗೆಯುವ ಶಕ್ತಿಯೂ ಹೋಗಿರುತ್ತದೆ. ನಮ್ಮ ರಾಜ್ಯದಲ್ಲಿ ಹೀಗೆ ಜೀವ ಹೋದ ಸುದ್ದಿ ಮತ್ತೆ ಮತ್ತೆ ಬರುತ್ತಲೇ ಇದೆ, ಪ್ರತಿಯೊಂದನ್ನೂ ತಪ್ಪಿಸಬಹುದಿತ್ತು. ಗೀಸರ್ ಯುಟಿಲಿಟಿಯ ತೆರೆದ ಗಾಳಿಯಲ್ಲಿರಬೇಕು, ಬಚ್ಚಲಿಗೆ ಬಿಸಿನೀರಿನ ಪೈಪು ಮಾತ್ರ ಬರಬೇಕು. ‘ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ’ ಎಂಬ ಸಮಾಧಾನ ಸಾಲದು. ಫ್ಯಾನ್ ಕೆಟ್ಟ ದಿನ, ಕರೆಂಟ್ ಹೋದ ದಿನ ಗೀಸರ್ ಉರಿಯುತ್ತಲೇ ಇರುತ್ತದೆ. ಸೋಲಾರ್ ಅಥವಾ ಕರೆಂಟ್ ಗೀಸರ್ ಇರುವ ಮನೆ ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ.

ಎರಡನೆಯದು ನಹಣಿ ಟ್ರ್ಯಾಪು, ಅಂದರೆ ಬಚ್ಚಲ ಜಾಲರಿಯ ಕೆಳಗಿನ ಬಾಗಿದ ಭಾಗ. ಅದರಲ್ಲಿ ಸದಾ ಎರಡಿಂಚಿನಷ್ಟು ನೀರು ನಿಂತು, ಚರಂಡಿಯ ಗಾಳಿ ಮೇಲೆ ಬರದಂತೆ ತಡೆಯುತ್ತದೆ. ಮನೆ ತಿಂಗಳುಗಟ್ಟಲೆ ಖಾಲಿ ಬಿದ್ದಿದ್ದರೆ ಆ ನೀರು ಆರಿಹೋಗಿ ವಾಸನೆ, ಜಿರಳೆ ಎರಡೂ ಬರುತ್ತವೆ. ಒಂದು ಮಗ್ ನೀರು ಸುರಿದು ಕಾಲು ಗಂಟೆ ಬಿಟ್ಟು ನೋಡಿ. ವಾಸನೆ ನಿಂತರೆ ಸರಿ. ನಿಲ್ಲದಿದ್ದರೆ ಟ್ರ್ಯಾಪೇ ಹಾಕಿಲ್ಲ ಅಥವಾ ಒಡೆದಿದೆ. ಇದು ಬರೀ ವಾಸನೆಯ ವಿಷಯ ಅಂದುಕೊಳ್ಳಬೇಡಿ. 2003ರಲ್ಲಿ ಹಾಂಗ್‌ಕಾಂಗಿನ ಅಮೋಯ್ ಗಾರ್ಡನ್ಸ್ ಎಂಬ ವಸತಿ ಸಮುಚ್ಚಯದಲ್ಲಿ 300ಕ್ಕೂ ಹೆಚ್ಚು ಜನರಿಗೆ ಸಾರ್ಸ್ ಎಂಬ ಉಸಿರಾಟದ ಸೋಂಕು ರೋಗ ಹರಡಿತು. ಬಚ್ಚಲ ನೆಲದ ಒಣಗಿದ ಟ್ರ್ಯಾಪುಗಳ ಮೂಲಕ ಎಕ್ಸಾಸ್ಟ್ ಫ್ಯಾನುಗಳು ಚರಂಡಿಯ ಸೋಂಕಿನ ಹನಿಗಳನ್ನು ಮನೆಯೊಳಗೆ ಎಳೆದುಕೊಂಡವೆಂದು ತನಿಖೆಯಲ್ಲಿ ತಿಳಿಯಿತು. ಬಳಸದ ಬಚ್ಚಲಿಗೂ ವಾರಕ್ಕೊಮ್ಮೆ ಒಂದು ಬಕೆಟ್ ನೀರು ಸುರಿಯುವುದು ಇದಕ್ಕೆ.

ಸಂಪಿನ ಮುಚ್ಚಳ ತೆಗೆಸಿ

‘ಕಾವೇರಿ ಬರುತ್ತೆ’ ಎಂದರೆ ಬರುವುದು ಸಂಪಿಗೆ. ನಿಮ್ಮ ನಲ್ಲಿಗೆ ಬರುವುದು ಸಂಪಿನ ನೀರು. ಬಹಳ ಮನೆಗಳಲ್ಲಿ ಅದೇ ಸಂಪಿಗೆ ಬೋರ್‌ವೆಲ್ ನೀರು, ಟ್ಯಾಂಕರ್ ನೀರು ಎಲ್ಲ ಸೇರುತ್ತದೆ. ಅಡುಗೆಮನೆಯ ನಲ್ಲಿಯಲ್ಲಿ ಟಿಡಿಎಸ್ ಮೀಟರ್ ಅದ್ದಿ. ಕಾವೇರಿ ನೀರಿನ ಟಿಡಿಎಸ್ ಕಡಿಮೆ, ಬೋರ್‌ವೆಲ್ಲಿನದು ಅದರ ಹಲವು ಪಟ್ಟು. ಕಾವೇರಿ ಎಂದು ಹೇಳಿದ ಮನೆಯಲ್ಲಿ ಮೀಟರ್ 800, 900 ತೋರಿಸಿದರೆ ಮಿಶ್ರಣ ಆಗುತ್ತಿದೆ. ಕಾವೇರಿ ಐದನೇ ಹಂತ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಗಿ, ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆ ದಿನಕ್ಕೆ 775 ದಶಲಕ್ಷ ಲೀಟರ್ ಕೊಡುವ ಯೋಜನೆ ಬಂತು. ಆ ಭಾಗದಲ್ಲಿ ಮನೆ ನೋಡುವವರು ‘ಏರಿಯಾಗೆ ಕಾವೇರಿ ಬಂದಿದೆಯಾ’ ಎಂದಲ್ಲ, ‘ಈ ಮನೆಗೆ ಕನೆಕ್ಷನ್ ತಗೊಂಡಿದೀರಾ, ಜಲಮಂಡಳಿ ಬಿಲ್ ತೋರಿಸ್ತೀರಾ’ ಎಂದು ಕೇಳಬೇಕು.

ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಲೀಟರಿಗೆ ಟಿಡಿಎಸ್ 500 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 2000ದವರೆಗೆ. ನೈಟ್ರೇಟ್ 45 ಮಿಲಿಗ್ರಾಂ ದಾಟುವಂತಿಲ್ಲ, ಅದಕ್ಕೆ ರಿಯಾಯಿತಿ ಇಲ್ಲ. ಫ್ಲೋರೈಡ್ 1 ಮಿಲಿಗ್ರಾಂ ಒಳಗೆ, ಹೆಚ್ಚೆಂದರೆ 1.5. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳಲ್ಲಿ ಬೋರ್‌ವೆಲ್ ನೀರನ್ನೇ ನೆಚ್ಚಿದ ಮನೆಯಾದರೆ ಫ್ಲೋರೈಡ್ ಪರೀಕ್ಷೆ ಮಾಡಿಸದೆ ಕುಡಿಯಬೇಡಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಅದಕ್ಕೆ ಆರ್‌ಒ ಫಿಲ್ಟರ್ ಬೇಕು. ಟಿಡಿಎಸ್ ಮೀಟರಿಗೆ ರೋಗಾಣು ಕಾಣುವುದಿಲ್ಲ ಎಂಬುದೂ ನೆನಪಿರಲಿ. 100 ತೋರಿಸುವ ನೀರಿನಲ್ಲೂ ಕೊಳಚೆ ಬೆರೆತಿರಬಹುದು.

ಅದನ್ನು ತಿಳಿಯಲು ಸಂಪಿನ ಹತ್ತಿರ ಹೋಗಬೇಕು. ಸಾಮಾನ್ಯವಾಗಿ ಅದು ಕಾರು ನಿಲ್ಲಿಸುವ ಜಾಗದ ನೆಲದಲ್ಲಿರುತ್ತದೆ. ಮುಚ್ಚಳದ ಅಂಚು ನೆಲದ ಮಟ್ಟಕ್ಕಿಂತ ಒಂದೆರಡು ಇಂಚು ಎತ್ತರವಿದೆಯೇ? ಇಲ್ಲದಿದ್ದರೆ ಗಾಡಿ ತೊಳೆದ ನೀರು, ನಾಯಿ ಉಚ್ಚೆ ಎಲ್ಲ ಒಳಗೆ ಇಳಿಯುತ್ತದೆ. ಒಳಚರಂಡಿಯ ಚೇಂಬರ್ ಎಷ್ಟು ದೂರದಲ್ಲಿದೆ? ಮಾರು ದೂರದಲ್ಲೇ ಇದ್ದು ಸಂಪಿನ ಗೋಡೆ ಬಿರುಕು ಬಿಟ್ಟಿದ್ದರೆ, ಸಂಪು ಖಾಲಿಯಾದಾಗಲೆಲ್ಲ ಸುತ್ತಲ ಮಣ್ಣಿನ ಕೊಳಕು ನೀರು ಒಳಗೆ ಜಿನುಗುತ್ತದೆ. ಟಾರ್ಚ್ ಬಿಟ್ಟು ತಳ ನೋಡಿ, ತಳ ಕಾಣಬೇಕು. ‘ಸಂಪು ತೊಳೆಸಿದ್ದೀರಾ ಅಂಕಲ್?’ ಎಂದರೆ ಹೌದು ಎಂಬ ಉತ್ತರವೇ ಬರುವುದು. ‘ಕೊನೆಗೆ ಯಾವ ತಿಂಗಳು ತೊಳೆಸಿದ್ರಿ, ಯಾರು ಬಂದಿದ್ರು, ಅವರ ನಂಬರ್ ಇದೆಯಾ?’ ಎಂದು ಕೇಳಿ. ಆರು ತಿಂಗಳಿಗೊಮ್ಮೆ ತೊಳೆಸಬೇಕು. ತೊಳೆದು ನೀರು ತುಂಬಿದ ಮೇಲೆ 1000 ಲೀಟರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಸಾಕು, ಅಂದರೆ 6000 ಲೀಟರ್ ಸಂಪಿಗೆ 15 ಗ್ರಾಂ. ಬಕೆಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿನೀರನ್ನಷ್ಟೇ ಸಂಪಿಗೆ ಸುರಿದು ಒಂದು ಗಂಟೆ ಬಿಡಬೇಕು. ನೀರು ರಾಡಿಯಾಗಿದ್ದರೆ ಈ ಲೆಕ್ಕ ಕೆಲಸ ಮಾಡುವುದಿಲ್ಲ, ಕ್ಲೋರಿನ್ ಆ ರಾಡಿಗೇ ಖರ್ಚಾಗುತ್ತದೆ.

ರಾಜಕಾಲುವೆಯ ಪಕ್ಕ, ಕೆರೆಯ ತಗ್ಗಿನ ಬಡಾವಣೆಗಳಲ್ಲಿ ಕಾಂಪೌಂಡ್ ಗೋಡೆಯನ್ನು ನೋಡಿ. ಒಂದೇ ಮಟ್ಟದಲ್ಲಿ ಕೆಸರಿನ ಗೆರೆ ಎಲ್ಲ ಮನೆಗಳ ಗೋಡೆಯಲ್ಲೂ ಓಡಿದ್ದರೆ ಅಲ್ಲಿಯವರೆಗೆ ನೀರು ನಿಂತಿತ್ತು. 2022ರ ಸೆಪ್ಟೆಂಬರಿನಲ್ಲಿ ಸರ್ಜಾಪುರ ರಸ್ತೆ, ಯಮಲೂರಿನ ಕಡೆ ಕೋಟಿಗಟ್ಟಲೆ ಬೆಲೆಯ ಮನೆಗಳಿಗೂ ನೀರು ನುಗ್ಗಿತು. ಅಂಥ ಕಡೆ ನೆಲಮಹಡಿ ಬೇಡ. ನೆರೆ ಬಂದಾಗ ಸಂಪಿಗೆ ಮೊದಲು ಸೇರುವುದು ಚರಂಡಿ ನೀರೇ.

ಡೆಂಗಿ ಸೊಳ್ಳೆಗೆ ಚರಂಡಿ ಬೇಕಿಲ್ಲ, ಅದು ಮೊಟ್ಟೆ ಇಡುವುದು ತಿಳಿನೀರಿನಲ್ಲಿ, ಕಚ್ಚುವುದು ಹಗಲಿನಲ್ಲಿ. ಮೊಟ್ಟೆಯಿಂದ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಸಿಂಟೆಕ್ಸ್ ಮುಚ್ಚಳ, ತಾರಸಿಯ ಹಳೇ ಟೈರು, ಹೂಕುಂಡದ ತಟ್ಟೆ, ಪಕ್ಕದಲ್ಲಿ ಕಟ್ಟುತ್ತಿರುವ ಕಟ್ಟಡದ ಕ್ಯೂರಿಂಗ್ ನೀರು ನೋಡಿ. ರಾಜ್ಯ ಸರ್ಕಾರ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದೆ. ಮಂಗಳೂರಿನಲ್ಲಿ ಮಲೇರಿಯಾ ಸೊಳ್ಳೆಯೂ ಮೇಲಿನ ಟ್ಯಾಂಕು, ಬಾವಿ, ಕಟ್ಟಡದ ನೀರಿನಲ್ಲೇ ಬೆಳೆಯುತ್ತದೆ. ಪಕ್ಕದ ಖಾಲಿ ಸೈಟಿನಲ್ಲಿ ಕಾಂಗ್ರೆಸ್ ಗಿಡ ಆಳೆತ್ತರ ಬೆಳೆದಿದ್ದರೆ, ಅಲರ್ಜಿ ಇರುವವರು ಆ ಕಡೆಗೆ ಕಿಟಕಿ ತೆರೆಯಲಾಗದು. ಸೈಟಿನ ಮಾಲೀಕರು ಯಾರು, ಗಿಡ ಕಡಿಸುತ್ತಾರೆಯೇ ಎಂದು ವಿಚಾರಿಸಿ.

ಉಳಿದವು

ಸಾಕೆಟ್ ಟೆಸ್ಟರನ್ನು ಗೀಸರ್, ಫ್ರಿಜ್, ವಾಷಿಂಗ್ ಮಷೀನ್ ಪಾಯಿಂಟುಗಳಿಗೆ ಹಾಕಿ ನೋಡಿ. ಅರ್ಥಿಂಗ್ ಇಲ್ಲವೆಂದು ತೋರಿಸಿದರೆ ಅದನ್ನು ಸರಿಮಾಡಿಸದೆ ಸಾಮಾನು ತರಬೇಡಿ. ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್ ಇರಬೇಕು. ಅದರ ‘ಟೆಸ್ಟ್’ ಗುಂಡಿ ಒತ್ತಿದರೆ ತಕ್ಷಣ ಬೀಳಬೇಕು.

ಗದ್ದಲಕ್ಕೆ ರಾತ್ರಿ ಹತ್ತರ ಮೇಲೆ ಒಮ್ಮೆ ಆ ರಸ್ತೆಗೆ ಹೋಗಿಬನ್ನಿ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮೀರಬಾರದು ಎಂದು 2000ದ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ಮೊಬೈಲ್ ಆ್ಯಪ್ ನಿಖರವಲ್ಲ, ಆದರೂ ಅಂದಾಜು ಸಿಗುತ್ತದೆ. ಹತ್ತಿರ ಕಲ್ಯಾಣ ಮಂಟಪ ಇದೆಯೇ, ನೀರಿನ ಮೋಟಾರ್ ಅಥವಾ ಲಿಫ್ಟ್ ಮೋಟಾರ್ ನೀವು ಮಲಗುವ ಗೋಡೆಗೆ ಅಂಟಿದೆಯೇ ಎಂಬುದು ಅದಕ್ಕಿಂತ ಮುಖ್ಯ.

ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದರೆ ಮೆಟ್ಟಿಲಿಗೆ ಟೇಪು ಹಿಡಿಯಿರಿ. ಕಟ್ಟಡ ಸಂಹಿತೆಯ ಪ್ರಕಾರ ಮನೆಯ ಮೆಟ್ಟಿಲಿನ ಎತ್ತರ 19 ಸೆಂಟಿಮೀಟರ್ ಮೀರಬಾರದು, ಕಾಲಿಡುವ ಅಗಲ 25 ಸೆಂಟಿಮೀಟರಿಗೆ ಕಡಿಮೆ ಇರಬಾರದು. ಮಂಡಿನೋವಿನವರಿಗೆ 15 ಸೆಂಟಿಮೀಟರ್ ಎತ್ತರ ಹಿತ. ಎಲ್ಲ ಮೆಟ್ಟಿಲೂ ಒಂದೇ ಎತ್ತರ ಇರಬೇಕು, ಜನ ಎಡವುವುದು ಬೇರೆಯಾಗಿರುವ ಆ ಒಂದು ಮೆಟ್ಟಿಲಿನಲ್ಲೇ. ಬಚ್ಚಲ ಬಾಗಿಲು ಹೊರಕ್ಕೆ ತೆರೆಯುವುದಾದರೆ ಒಳ್ಳೆಯದು. ಒಳಕ್ಕೆ ತೆರೆಯುವ ಬಾಗಿಲಿಗೆ ಅಡ್ಡ ಬಿದ್ದವರನ್ನು ಹೊರತೆಗೆಯುವುದೇ ಕಷ್ಟವಾಗುತ್ತದೆ. ಟೈಲ್ಸ್ ಒದ್ದೆ ಮಾಡಿ ಪಾದ ಒತ್ತಿ ಜಾರುತ್ತದೆಯೇ ನೋಡಿ.

ಮನೆ ಒಪ್ಪಿಗೆಯಾದರೆ ಬಾಯಿಮಾತಿಗೆ ಬಿಡದೆ ಮೂರು ಸಾಲು ಅಗ್ರಿಮೆಂಟಿಗೆ ಸೇರಿಸಿ: ಸೋರಿಕೆ, ತೇವದ ರಿಪೇರಿ ಓನರ್ ಖರ್ಚು; ಸಂಪು, ಟ್ಯಾಂಕು ಆರು ತಿಂಗಳಿಗೊಮ್ಮೆ ತೊಳೆಸುವುದು; ಕಿಟಕಿಗೆ ಮೆಶ್, ಬಚ್ಚಲಿಗೆ ಎಕ್ಸಾಸ್ಟ್ ಹಾಕಿಸಿಕೊಡುವುದು. ಸಾಮಾನು ಇಳಿಸುವ ಮುಂಚೆ ಹೊಸ ಪ್ಲೈವುಡ್ ಕಪಾಟುಗಳ ಬಾಗಿಲುಗಳನ್ನೆಲ್ಲ ತೆರೆದು, ಕಿಟಕಿ ತೆರೆದು ಸಾಧ್ಯವಾದಷ್ಟು ದಿನ ಬಿಡಿ. ಕಣ್ಣು ಉರಿಸುವ ಆ ವಾಸನೆ ಪ್ಲೈವುಡ್ ಅಂಟಿನ ಫಾರ್ಮಾಲ್ಡಿಹೈಡಿನದು. ಮಂಚ, ಬೀರುಗಳನ್ನು ಹೊರಗೋಡೆಯಿಂದ ಒಂದು ಗೇಣು ದೂರ ಇಡಿ, ಹಿಂದೆ ಗಾಳಿಯಾಡಲಿ. ಗೋಡೆಯಲ್ಲಿ ಕಲೆ ಇದ್ದರೆ ಅದರ ಅಂಚಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ಪಕ್ಕದಲ್ಲಿ ತಾರೀಕು ಬರೆಯಿರಿ. ಮುಂದಿನ ಮಳೆ ಆದಮೇಲೆ ಕಲೆ ಗೆರೆ ದಾಟಿದ್ದರೆ ಸೋರಿಕೆ ಇನ್ನೂ ಜೀವಂತ ಇದೆ. ಎರಡು ಸಲದ ಫೋಟೋವನ್ನೂ ಅವತ್ತವತ್ತೇ ಓನರಿಗೆ ವಾಟ್ಸಾಪ್ ಮಾಡಿ. ರಿಪೇರಿ ಕೇಳುವುದಕ್ಕೂ, ಮನೆ ಬಿಡುವಾಗ ‘ಗೋಡೆ ನೀವೇ ಹಾಳು ಮಾಡಿದ್ದು’ ಎಂದು ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳದಿರುವುದಕ್ಕೂ ತಾರೀಕಿರುವ ಆ ಫೋಟೋಗಳೇ ಸಾಕ್ಷಿ.